ಮುಖ ಮೊದಲು ಕಾಣುವ ಅಂಗಿ

ಮೊನ್ನೆ ನನ್ನ ತಂಗಿಯ ಮಗಳು ಮಾಲೊಂದರ ಗಂಡಸರ ಬಟ್ಟೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ದಿನ ಮುಗಿಸಿ ಬಂದವಳೇ ಸೋಫಾದ ಮೇಲೆ ಬಿದ್ದುಕೊಂಡು, "ಮಾಶಿ, ಇದರಾಗ ಸೀಖೂದು ಏನೈತಿ? ಸೈಜ್ ಕೇಳೂದು, ಪ್ಯಾಕೆಟ್ ಕೊಡೂದು. ಬಸ್!" ಎಂದಳು. ಕೋಲ್ಕತ್ತಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಮೂರು ಭಾಷೆಯ ಕಿಚಡಿ. ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ಅಂಗಿ ಮಾರುತ್ತಲೇ ಆಯುಸ್ಸು ಕಳೆದ ನನಗೆ, ಆ ಕೆಲಸದ ಬಗ್ಗೆ ಹಾಗೆ ಅಂದದ್ದು ಕೇಳಿ ಮೈಯೆಲ್ಲ ಉರಿದುಹೋಯಿತು. ಬಾಯಿ ಮಾಡಿದರೆ ಕಿವಿಗೆ ಹಾಕಿಕೊಳ್ಳುವವಳಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಅವಳೂ ಓದಲಿ, ಅವಳಂಥವರೂ ಓದಲಿ. ನಾನು ಯಾವಾಗ ಕೌಂಟರಿನಿಂದ ಮೇಲೆ ಹೋದೆ, ಯಾರು ನನಗೆ ಹಾರ ಹಾಕಿದರು ಎನ್ನುವುದೆಲ್ಲ ಇಲ್ಲಿಲ್ಲ. ಅದನ್ನು ಹೇಳಲು ಹೊರಟರೆ ನನಗೇ ಆಕಳಿಕೆ ಬರುತ್ತದೆ.

ನಮ್ಮ ತಂದೆ ಹುಬ್ಬಳ್ಳಿಯವರು, ರೈಲ್ವೆ ಗುಮಾಸ್ತರಾಗಿ ಕೋಲ್ಕತ್ತಾದ ಸಿಯಾಲ್ದಾ ಸ್ಟೇಷನ್ನಿಗೆ ವರ್ಗವಾಗಿ ಬಂದು ಇಲ್ಲೇ ನಿಂತುಬಿಟ್ಟರು. ಬಾಲಿಗಂಜ್‌ನ ಒಂದು ಹಳೆಯ ಅಂಗಿ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಾಗ ಮನೆಯಲ್ಲಿ ದೊಡ್ಡ ರಂಪವಾಯಿತು. "ಹೆಣ್ಮಗಳು ಗಂಡಸೂರ ಕುತ್ತಿಗಿ ಅಳೀತೀ ಏನ?" ಎಂದು ಅವ್ವ ಹಣೆ ಚಚ್ಚಿಕೊಂಡಳು. ತಂದೆ ಮಾತ್ರ ಪೇಪರಿನಿಂದ ತಲೆ ಎತ್ತದೆ, "ಅಳೀಲಿ ಬಿಡ, ಹಿಚಕೂದಿಲ್ಲಲ್ಲ" ಎಂದರು. ಅಷ್ಟಕ್ಕೇ ಆ ಪಂಚಾಯಿತಿ ಮುಗಿಯಿತು.

ಅಂಗಡಿಯ ಮ್ಯಾನೇಜರು ದತ್ತಾಬಾಬು ಎಂಬ ಹಿರಿಯ ಬಂಗಾಳಿ. ನನ್ನನ್ನು 'ಮಾ' ಎಂದು ಕರೆಯುತ್ತಿದ್ದರು, ಮರುಗಳಿಗೆಯಲ್ಲೇ ಸಿಡಿಮಿಡಿಗುಟ್ಟುತ್ತಿದ್ದರು. ಮೊದಲ ದಿನ ನನ್ನ ಕೈಗೆ ಒಂದು ಬಿಳಿ ಶರ್ಟು ಕೊಟ್ಟು, "ಇವತ್ತು ಏನೂ ಮಾರಬೇಡ ಮಾ. ಇದರ ಒಳಮೈ ತಿರುಗಿಸು, ನೋಡ್ತಾ ಕೂತಿರು" ಎಂದರು. ಇದೇನು ಹುಚ್ಚೋ ಎಂದುಕೊಂಡೇ ತಿರುಗಿಸಿದೆ. ಆಮೇಲೆ ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ. ಬಗಲಿನಿಂದ ಕೆಳಗೆ ಇಳಿದ ಹೊಲಿಗೆಯಲ್ಲಿ ಬಟ್ಟೆಯ ಒಂದು ಎಳೆಯೂ ಹೊರಗೆ ಇಣುಕುತ್ತಿರಲಿಲ್ಲ. ಅಂಚನ್ನು ಅಂಚಿನೊಳಗೆ ಮಡಚಿ ಮುಚ್ಚಿಬಿಟ್ಟಿದ್ದರು. ಬೆನ್ನಿನ ಮೇಲ್ಭಾಗದ ಪಟ್ಟಿ ಎರಡು ತುಂಡಿನದು, ಎರಡು ಹೆಗಲಿಗೂ ಬೇರೆಬೇರೆ ಓರೆಯಲ್ಲಿ ಕತ್ತರಿಸಿದ್ದು. ಗುಂಡಿಯ ಕೆಳಗೆ ದಾರ ಸುತ್ತಿ ಒಂದು ಪುಟ್ಟ ಕತ್ತು ಮಾಡಿದ್ದರು, ಕಾಜದೊಳಗೆ ಕೂತ ಗುಂಡಿ ಬಟ್ಟೆಯನ್ನು ಜಗ್ಗಬಾರದು ಅಂತ. ಅಯ್ಯೋ ದೇವರೇ, ಇಷ್ಟು ದಿನ ನಮ್ಮಪ್ಪನ ಅಂಗಿಗಳನ್ನು ಕಲ್ಲಿಗೆ ಬಡಿದು ಬಡಿದು ಒಗೆದೆನಲ್ಲ, ಅದರೊಳಗೆ ಯಾರೋ ಇಷ್ಟೆಲ್ಲ ಯೋಚನೆ ಮಾಡಿಟ್ಟಿದ್ದರಲ್ಲ ಅನ್ನಿಸಿತು. ಸಂಜೆ ಮನೆಗೆ ಹೋಗಿ ಅಪ್ಪನ ಅಂಗಿಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

ನಮ್ಮ ಅಂಗಡಿಯಲ್ಲಿ ಟ್ರಯಲ್ ರೂಮಿನ ಹೊರಗೆ ಹಳೆಯ ಬಸ್ಸೊಂದರಿಂದ ಕಿತ್ತು ತಂದ ಕಬ್ಬಿಣದ ಕಂಬಿಯನ್ನು ಎತ್ತರದಲ್ಲಿ ಹಾಕಿದ್ದರು. ಗಿರಾಕಿ ಅಂಗಿ ಹಾಕಿಕೊಂಡು ಬಂದರೆ ದತ್ತಾಬಾಬು ಕಂಬಿ ತೋರಿಸಿ, "ಹಿಡೀರಿ, ಸ್ಟಾಪ್ ಬರೋವರೆಗೂ ಬಿಡಬೇಡಿ" ಅನ್ನುತ್ತಿದ್ದರು. ಕೈ ಎತ್ತಿದ ಕೂಡಲೇ ಅಂಗಿಯ ತುದಿ ಪ್ಯಾಂಟಿನಿಂದ ಕಿತ್ತುಕೊಂಡು ಬಂದರೆ ಅಂಗಿ ಫೇಲು. ಬಗಲಿನ ಕೊರೆತ ತೀರಾ ಕೆಳಗಿದ್ದರೆ ಹಾಗಾಗುತ್ತದೆ. ಕಂಬಿ ಮುಗಿದ ಮೇಲೆ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಕೂತಾಗ ಹೊಟ್ಟೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಟ್ಟುಕೊಂಡರೆ ಅದೂ ಬೇಡ. ಜನ ನಗುತ್ತಿದ್ದರು. ನಕ್ಕವರೇ ಆಮೇಲೆ ಅಣ್ಣತಮ್ಮಂದಿರನ್ನು ಕರೆದುಕೊಂಡು ಬರುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ ನಿಯಮ ಇನ್ನೊಂದಿತ್ತು. ಬಂಗಾಳಿಯಲ್ಲಿ 'ಮಾನಿಯೆಛೆ' ಅನ್ನುತ್ತಾರೆ, ಒಪ್ಪುತ್ತದೆ ಅಂತ. ಒಬ್ಬ ಗಿರಾಕಿಗೆ ಆ ಮಾತನ್ನು ಒಂದೇ ಸಲ ಹೇಳಬೇಕು, ಒಂದೇ ಅಂಗಿಗೆ. "ಮೂರು ಅಂಗಿಗೂ ಒಪ್ಪತ್ತೆ ಅಂದರೆ ಅವನು ನಿನ್ನನ್ನ ಯಾಕೆ ನಂಬಬೇಕು ಮಾ? ಬಟ್ಟೆ ನೋಡಬೇಡ, ಅವನ ಮುಖ ನೋಡು. ಅವನು ಟ್ರಯಲ್ ರೂಮಿನ ಬಾಗಿಲಲ್ಲಿ ನಿಂತಾಗ ಮೊದಲು ಅಂಗಿ ಕಂಡರೆ ವಾಪಸ್ ಮಡಚಿಡು. ಮುಖ ಕಂಡರೆ ಆಗ ಬಾಯಿ ತೆಗಿ" ಅನ್ನುತ್ತಿದ್ದರು ದತ್ತಾಬಾಬು. ಮಾರುವ ಕೆಲಸದಲ್ಲಿದ್ದವರಿಗೆ ಬಾಯಿ ಕಟ್ಟಿಕೊಂಡು ನಿಲ್ಲುವುದು ಎಂಥ ಶಿಕ್ಷೆ ಎನ್ನುವುದು ನಿಂತವರಿಗೇ ಗೊತ್ತು. ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದನ್ನು ನುಂಗಿದ್ದೇನೆ.

ಹೊಸ ಶತಮಾನ ಶುರುವಾದ ಮೇಲೆ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದವು. ಅಲ್ಲಿನ ಆಫೀಸುಗಳಿಗೆ ಸೇರಿದ ಹುಡುಗರು ನಮ್ಮ ಅಂಗಡಿಗೆ ಹಿಂಡುಹಿಂಡಾಗಿ ಬರತೊಡಗಿದರು. ಎಲ್ಲರ ಬಾಯಲ್ಲೂ ಒಂದೇ ಮಾತು, 'ಫಾರ್ಮಲ್'. ಕಾಲೇಜಿನುದ್ದಕ್ಕೂ ಟೀ ಶರ್ಟಿನಲ್ಲಿ ಬೆಳೆದ ಮಕ್ಕಳು ಅವು! ಒಬ್ಬನಂತೂ ಅಂಗಿ ಕೊಂಡ ಮೂರ್ನಾಲ್ಕು ದಿನಕ್ಕೆ ಕುತ್ತಿಗೆಯೆಲ್ಲ ಕೆಂಪಗೆ ಕೆರೆದುಕೊಂಡು ಬಂದು, "ದಿದಿ, ಈ ಕಾಲರ್ ಚುಚ್ಚುತ್ತೆ" ಅಂದ. ನೋಡಿದರೆ, ಮಡಿಕೆ ಕೆಡದಿರಲಿ ಅಂತ ಕಾಲರಿನೊಳಗೆ ಇಟ್ಟಿರುತ್ತಾರಲ್ಲ ಪ್ಲಾಸ್ಟಿಕ್ ಪಟ್ಟಿ, ಅದನ್ನು ತೆಗೆಯದೆಯೇ ದಿನವೂ ಆಫೀಸಿಗೆ ಹೋಗಿದ್ದಾನೆ ಪುಣ್ಯಾತ್ಮ. ಅದೇ ಫಾರ್ಮಲ್ ಅಂದುಕೊಂಡಿದ್ದನಂತೆ. ನಗು ತಡೆಯಲು ನಾನು ಕೌಂಟರಿನ ಕೆಳಗೆ ಕೂತೆ. ಅಂದಿನಿಂದ ಪಿನ್ನು, ರಟ್ಟು, ಪ್ಲಾಸ್ಟಿಕ್ಕು ಎಲ್ಲವನ್ನೂ ನಾನೇ ಬಿಚ್ಚಿ, ಅಂಗಿಯನ್ನು ಒಮ್ಮೆ ಕೊಡವಿ ಕೊಡುತ್ತಿದ್ದೆ.

ಆ ಕಾಲದಲ್ಲೇ ಒಂದು ಮಧ್ಯಾಹ್ನ ಶಿವಾನಂದ ಬಂದದ್ದು. ಈಗ ಹೇಳಹೊರಟಿರುವುದು ಅವನ ವಿಷಯವನ್ನೇ.

ಕೈಯಲ್ಲಿ ಮಡಚಿದ ಬಿಳಿ ಕೋಲು. ತೀರಾ ದೊಗಳೆ ಅಂಗಿ, ಹೆಗಲ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿತ್ತು. ಬಣ್ಣ ಒಂದು ಬಗೆಯ ತಿಳಿ ಗುಲಾಬಿ, ಅದೂ ಒಂದೆಡೆ ದಟ್ಟ, ಒಂದೆಡೆ ಮಾಸಲು. ಕೌಂಟರಿನ ಅಂಚು ಹಿಡಿದು ಬರುತ್ತಾ ಸ್ಟೂಲಿಗೆ ಎಡವಿ "ಅಯ್ಯ ಶಿವನ!" ಅಂದ. ಬಾಲಿಗಂಜ್‌ನಲ್ಲಿ ಆ ಮಾತು ಕೇಳಿ ನಾನು ಹಿಗ್ಗಿಹೋದೆ.

"ಯಾ ಊರಪಾ ತಮ್ಮಾ?" ಎಂದೆ.

ಅವನ ಮುಖ ನನ್ನ ದನಿಯ ಕಡೆ ತಿರುಗಿತು. "ಗದಗ್ರಿ! ನೀವು ನಮ್ಮವರ ಏನ್ರಿ ಅಕ್ಕಾರ? ಅಬ್ಬಾ, ಬದುಕಿದೆ" ಎಂದು ಸ್ಟೂಲು ತಡವಿ ಕೂತ.

ಹುಟ್ಟಿನಿಂದ ಕಣ್ಣಿಲ್ಲ. ಒಂದು ಮೊಬೈಲ್ ಕಂಪನಿಯ ಕನ್ನಡದ ಫೋನುಗಳಿಗೆಲ್ಲ ಸೆಕ್ಟರ್ ಫೈವ್‌ನಿಂದ ಉತ್ತರ ಹೇಳುವುದು ಅವನ ಕೆಲಸ. "ರಾಯಚೂರಿನ್ಯಾಗ ಯಾರದೋ ಬ್ಯಾಲೆನ್ಸ್ ಕಟ್ ಆದ್ರ ಬೈಗಳು ನನಗ ಬರ್ತಾವ್ರಿ, ಇಲ್ಲಿ ಕುಂತು ತಿಂತೀನಿ" ಎಂದು ನಕ್ಕ. ಬಿಶು ಎಂಬ ಬಂಗಾಳಿ ಹುಡುಗನ ಜೊತೆ ಒಂದೇ ಕೋಣೆಯಲ್ಲಿ ಇದ್ದ.

ಆಮೇಲೆ ನಗು ನಿಂತಿತು. "ಐತವಾರ ನಮ್ಮವ್ವ ಬರಾಕತ್ಯಾಳ್ರಿ, ನನ್ನ ಕರಕೊಂಡು ಹೋಗಾಕ. ನಮ್ಮೂರವ್ರು ಯಾರೋ ಇಲ್ಲಿ ಬಂದಾಗ ನನ್ನ ನೋಡ್ಯಾರ. ಊರಿಗೆ ಹೋಗಿ ಅವ್ವನ ಮುಂದ, 'ನಿನ್ನ ಮಗನ್ನ ನೋಡಿದ್ರ ಪಾಪ ಅನ್ನಸ್ತೈತಿ, ಅರಿವಿ ನೋಡಾಕೂ ಯಾರೂ ಇಲ್ಲ ಅವಗ' ಅಂದಾರ. ಯಾಕ ಅಂದ್ರೋ ನನಗ ಗೊತ್ತಿಲ್ರಿ. ದಿನಾ ಒಗದು, ಇಸ್ತ್ರಿ ಮಾಡಿ ಹಾಕ್ಕೊಂತೀನಿ. ಅವ್ವ ಹಟ ಹಿಡದಾಳ. ಒಮ್ಮಿ ಹೋದ್ರ ಮತ್ತ ನನ್ನ ಒಬ್ಬನ್ನ ಬಿಡೂದಿಲ್ಲ. ಮನ್ಯಾಗ ಕುಂದ್ರೂದ ಆಗ್ತೈತಿ. ಅಕಿ ಗಾಡಿ ಇಳದು ನನ್ನ ನೋಡಿದ ಕೂಡಲೇ ಪಾಪ ಅನ್ನಬಾರದು. ಅಂಥಾದ್ದೊಂದು ಅಂಗಿ ಕೊಡ್ರಿ."

ನಾನು ಎಷ್ಟೋ ಜನರಿಗೆ ಮದುವೆಗೆ, ಇಂಟರ್ವ್ಯೂಗೆ, ಕೋರ್ಟಿಗೆ ಹೋಗಲು ಅಂಗಿ ಕೊಟ್ಟಿದ್ದೆ. ಹೀಗೆ ಕೇಳಿದವರು ಯಾರೂ ಇರಲಿಲ್ಲ. "ಯಾ ಬಣ್ಣ ಬೇಕಪಾ?" ಎಂದೆ.

"ಈಗ ಹಾಕ್ಕೊಂಡೀನಲ್ರಿ, ಇದ ಬಣ್ಣ. ನಾ ಯಾವಾಗಲೂ ಇದನ್ನ ಹಾಕ್ಕೊಳ್ಳೂದು. ಅಳತಿ ಮಾತ್ರ ಬರೋಬ್ಬರಿ ಇರ್ಲಿ."

ನಾನು ಒಳಗಿನಿಂದ ಒಂದು ಗುಲಾಬಿ ಅಂಗಿ ಹುಡುಕಿ ತಂದು ಅವನ ತೊಡೆಯ ಮೇಲಿಟ್ಟೆ. "ನಿಂದಕ್ಕಿಂತ ಈ ಗುಲಾಬಿ ಒಂಚೂರು ತಿಳಿ ಐತಿ, ನಡೀತೈತಿ ಅಲ್ಲ?" ಎಂದೆ.

"ಗುಲಾಬಿ?" ಅವನ ಕೈ ಅಂಗಿಯ ಮೇಲೆ ನಿಂತುಬಿಟ್ಟಿತು. "ನನ್ನ ಹಂತ್ಯಾಕ ಗುಲಾಬಿ ಅಂಗಿ ಇಲ್ರಿ. ಇದು ಬಿಳೀದು. ನಮ್ಮವ್ವ ಅಷ್ಟೂ ಬಿಳೀವ ಕೊಟ್ಟು ಕಳಿಸ್ಯಾಳ, ಯಾ ಪ್ಯಾಂಟಿಗೂ ಹೊಂದತಾವ, ಚಿಂತಿ ಇಲ್ಲ ಅಂತ."

ತಟ್ಟನೆ ಎಲ್ಲ ತಿಳಿಯಿತು. ಬಂಗಾಳದ ಕೆಂಪು ಗಮ್ಛಾ, ಇಲ್ಲಿನವರು ಮೈ ಒರೆಸಿಕೊಳ್ಳುವ ಚೌಕಳಿ ವಸ್ತ್ರ. ಬಣ್ಣ ಬಿಡುವುದರಲ್ಲಿ ಅದನ್ನು ಮೀರಿಸುವ ಬಟ್ಟೆ ಭೂಮಿಯ ಮೇಲಿಲ್ಲ. "ಬಿಶುನ ಗಮ್ಛಾ ನಿನ್ನ ಅಂಗಿ ಒಂದ ಬಕೀಟಿನ್ಯಾಗ ನೆನಸ್ತೀರೇನೊ?" ಎಂದೆ. ಹೌದು ಎಂದು ತಲೆಯಾಡಿಸಿದ.

ಹೇಳಲೋ ಬೇಡವೋ ಎಂದು ಯೋಚಿಸುತ್ತ ಗುಲಾಬಿ ಅಂಗಿಯನ್ನು ಅವನ ತೊಡೆಯಿಂದ ತೆಗೆದಿಟ್ಟೆ. ಅಂಗಡಿಯಲ್ಲಿ ಸಿಹಿ ಮಾತು ಹೇಳಿ ಕಳಿಸುವುದು ಎಷ್ಟು ಸುಲಭ! ಆದರೆ ಅವನ ಆಫೀಸಿನವರೆಲ್ಲ ಅದನ್ನೇ ಮಾಡಿದ್ದರಲ್ಲ. ನೋಡಿದರು, ನೋಡಿ ಸುಮ್ಮನಾದರು. ಹೇಳಿಬಿಟ್ಟೆ. "ತಮ್ಮಾ, ನಿನ್ನ ಅಂಗಿ ಗುಲಾಬಿ ಆಗ್ಯಾವು. ಅಲ್ಲಲ್ಲಿ ಕಲಿ ಕಲಿ ಆಗಿ. ಊರವ್ರು ನೋಡಿದ್ದು ಅದನ್ನ. ಮ್ಯಾಲ ಇದು ನಿನ್ನ ಅಳತೀದೂ ಅಲ್ಲ, ನಿನ್ನಂಥವ್ರು ಇಬ್ರು ಹಿಡೀತಾರ ಇದರಾಗ."

ಅವನ ಬೆರಳುಗಳು ಕಾಲರನ್ನು ತಡವುತ್ತಿದ್ದವು. ಅಳುತ್ತಾನೇನೋ ಅಂದುಕೊಂಡೆ. "ಇಷ್ಟು ತಿಂಗಳು," ಎಂದ, "ಯಾರೂ ಹೇಳಲಿಲ್ಲ ನೋಡ್ರಿ." ಆಮೇಲೆ ಕತ್ತೆತ್ತಿ, "ನೀವು ಹೇಳೀರಿ ಅಂದ್ಮ್ಯಾಲ ನಿಮ್ಮ ಮಾತು ನಂಬಬಹುದು. ಬಣ್ಣ ನಿಮ್ಮದು, ಅಳತಿ ನಂದು. ತರ್ರಿ" ಎಂದ. ಬಿದ್ದ ಏಟಿಗೆ ಮಲಗಿಕೊಳ್ಳದೆ ಹೀಗೆ ಎದ್ದು ಕೂರುವ ಶಕ್ತಿ ಎಲ್ಲಿಂದ ಬರುತ್ತದೋ ನಾನು ಕಾಣೆ.

ಅಂಗಿಗಳನ್ನು ತಂದೆ. ಮೊದಲನೆಯದನ್ನು ಹಾಕಿಕೊಂಡು ಬಂದಾಗ ಹಾಳು ಅಭ್ಯಾಸ, ಹೆಗಲು ಹಿಡಿದು ಕನ್ನಡಿಗೆ ತಿರುಗಿಸಿ "ನೋಡಪಾ" ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಅವನು ಗಂಭೀರವಾಗಿ ಕನ್ನಡಿಯತ್ತ ಬಗ್ಗಿ, "ಯಾರ್ರೀ ಇವ್ರು, ಪರಿಚಯ ಆಗಲಿಲ್ಲ" ಎಂದ. ಕ್ಯಾಷ್ ಹತ್ತಿರ ಕೂತಿದ್ದ ದತ್ತಾಬಾಬು ಏನಾಯಿತೆಂದು ಕೇಳಿ, ತಾವೂ ನಕ್ಕು, ಎದ್ದು ಬಂದು ಅವನ ಕೈಯನ್ನು ಕಂಬಿಗೆ ಮುಟ್ಟಿಸಿದರು. ಅವನಿಗೆ ವಿವರಿಸಬೇಕಾಗಲಿಲ್ಲ. ದಿನವೂ ಬಸ್ಸಿನಲ್ಲಿ ಜೋತಾಡುವವನು, ಹಿಡಿದು ತೂಗಿ, ಸೊಂಟದ ಹತ್ತಿರ ಕೈಯಾಡಿಸಿ, "ಕಿತ್ತು ಬಂತ್ರಿ, ಬ್ಯಾಡ" ಎಂದ. ಎರಡನೆಯದು ಕೂತಾಗ ಬಾಯಿ ಬಿಟ್ಟಿತು. ಮೂರನೆಯದು ಕಂಬಿಯಲ್ಲೂ ಸ್ಟೂಲಿನಲ್ಲೂ ಪಾಸಾಯಿತು. ಬಿಳಿಯದು, ಒಳ್ಳೆಯ ಅಂಗಿ. ನಾನು ಅಂಗಡಿ ಬಾಗಿಲಿನ ತನಕ ಹಿಂದೆ ಸರಿದು ನೋಡಿದೆ. ಅವನ ಮೈಬಣ್ಣಕ್ಕೆ ಆ ಬಿಳಿ ಬಹಳ ಬಿಳಿ. ಕಣ್ಣಿಗೆ ಮೊದಲು ಬಿದ್ದದ್ದು ಅಂಗಿಯೇ.

"ಅಕ್ಕಾರ, ನೀವು ಇನ್ನೂ ಚೊಲೋ ಐತಿ ಅಂದಿಲ್ಲ" ಎಂದ.

ದತ್ತಾಬಾಬು ಮಾಡಿದ ನಿಯಮ ಹೇಳಿದೆ, ಆ ಮಾತು ಒಂದೇ ಸಲ ಅಂತ. "ಹಂಗಾದ್ರ ಕಾಯ್ತೀನ್ರಿ" ಎಂದು ಮತ್ತೆ ಒಳಗೆ ಹೋದ.

ನಾಲ್ಕನೆಯದು ತಿಳಿ ನೀಲಿ. ಅವನ ಕುತ್ತಿಗೆ ಉದ್ದ, ಅದಕ್ಕೆ ಸ್ವಲ್ಪ ಎತ್ತರ ನಿಲ್ಲುವ ಕಾಲರಿನದು ಆರಿಸಿದ್ದೆ. ಬಾಗಿಲು ತೆರೆದು ಬಂದ. ಹೆಗಲ ಹೊಲಿಗೆ ಸರಿಯಾಗಿ ಮೂಳೆಯ ಮೇಲೆ. ತೋಳಿನ ಪಟ್ಟಿ ಮಣಿಕಟ್ಟಿಗೆ ಬಂದು ನಿಂತಿತ್ತು. ದೊಗಳೆ ಬಟ್ಟೆಯೊಳಗೆ ಇಷ್ಟು ದಿನ ಬಚ್ಚಿಟ್ಟಂತಿದ್ದ ನೀಳ ಬೆನ್ನು ಈಗ ಕಾಣಿಸಿತು. ನಾನು ಅಂಗಿ ನೋಡುವುದನ್ನೇ ಮರೆತೆ. ಅಲ್ಲಿ ನಿಂತಿದ್ದವನು ಒಬ್ಬ ಗಂಡಸು, ಕೆಲಸಕ್ಕೆ ಹೋಗುವ, ಸಂಬಳ ತರುವ, ಯಾರ ಹಂಗಿಗೂ ಬೀಳದ ಒಬ್ಬ ಚೆಂದದ ಗಂಡಸು. ಎಂಥ ಮಾಯೆ ಇದು, ಹತ್ತಿ, ದಾರ, ಏಳೆಂಟು ಗುಂಡಿ! ವರ್ಷಗಟ್ಟಲೆ ಅಂಗಿ ಮಾರಿದ್ದೆ, ಆದರೂ ಅಂದು ಕೈ ಮುಗಿಯಬೇಕು ಅನ್ನಿಸಿತು.

"ಒಪ್ಪೇತಿ" ಎಂದೆ.

ಅವನು ಅಲ್ಲೇ ನಿಂತು, ಸ್ವಲ್ಪ ನಾಚಿಕೊಂಡು ಕೇಳಿದ, "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಾ ಹೆಂಗ ಅದೀನಿ? ಎಲ್ಲಾರೂ ಶಾಣ್ಯಾ ಅಂತಾರ, ಒಳ್ಳೇವ ಅಂತಾರ. ಹೆಂಗ ಕಾಣಸ್ತೀನಿ ಅಂತ ಯಾರೂ ಹೇಳಿಲ್ಲ."

ಆ ಪ್ರಶ್ನೆಗೆ ಉತ್ತರ ಹೇಳಲು ಅವನ ಎದುರಿಗೇ ಬಂದು ನಿಂತು ಮುಖ ನೋಡಿದೆ. ಉಪ್ಪುಖಾರ ಹಚ್ಚಬಾರದು, ಬಿಡಲೂಬಾರದು. "ಹಣಿ ಅಗಲ ಐತಿ. ಹುಬ್ಬು ದಪ್ಪ, ನಡುವ ಒಂಚೂರು ಕೂಡ್ಯಾವು. ಮೂಗು ನೀಟ ಐತಿ, ತುದಿ ಸ್ವಲ್ಪ ದಪ್ಪ. ಗಡ್ಡ ಮಾಡುವಾಗ ಎಡಗಿವಿ ಕೆಳಗ ನಾಕು ಕೂದಲಾ ಬಿಡ್ತೀ, ಐತವಾರ ಅದನ್ನ ನೋಡ್ಕೊ. ಮತ್ತ ನಕ್ಕಾಗ ಬಲಗೆನ್ನಿ ಮ್ಯಾಲ ಕುಣಿ ಬೀಳ್ತೈತಿ."

"ಕುಣಿ? ನನಗ?" ಅವನು ಬಲಗೆನ್ನೆಗೆ ಬೆರಳಿಟ್ಟುಕೊಂಡು ನಕ್ಕ. ಬೆರಳು ಆ ಗುಳಿಯಲ್ಲಿ ಕೂತಿತು. ನಗು ನಿಲ್ಲಿಸಿದ, ಮತ್ತೆ ನಕ್ಕ, ಮತ್ತೆ ಮುಟ್ಟಿ ನೋಡಿದ. ದತ್ತಾಬಾಬು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದೆ.

ಭಾನುವಾರ ಕಳೆಯಿತು, ಸೋಮವಾರ ಅಂಗಡಿಗೆ ರಜೆ. ಎರಡೂ ದಿನ ನನಗೆ ಊಟ ರುಚಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯುವುದಕ್ಕೇ ಕಾದಿದ್ದವರಂತೆ ತಾಯಿ ಮಗ ಬಂದರು. ಇಳಕಲ್ ಸೀರೆ ಉಟ್ಟ, ಗಟ್ಟಿ ದನಿಯ ಹೆಂಗಸು. ಮಗ ಅದೇ ನೀಲಿ ಅಂಗಿಯಲ್ಲಿದ್ದ. ಎಡಗಿವಿಯ ಕೆಳಗೂ ನುಣ್ಣಗಿತ್ತು.

"ಬಾಯಾರ, ನೀವ ಏನ್ರಿ ಅಂಗಿ ಕೊಟ್ಟವ್ರು?" ಎಂದು ಶುರುಮಾಡಿದರು. "ಕೇಳ್ರಿ ಇಲ್ಲಿ. ಹೌರಾದಾಗ ಇಳದೆ. ಆ ಗದ್ದಲದಾಗ ನಮ್ಮ ಶಿವೂನ್ನ ಹುಡುಕಾಕತ್ತೆ. ಬಿಶು ನನ್ನ ಗಾಡಿ ಡಬ್ಬಿ ಎಲ್ಲಿ ಬರ್ತೈತಿ ಅಂತ ಕೇಳಾಕ ಹೋಗಿದ್ದನಂತ, ಇವ ಒಬ್ಬನ ಕಂಬದ ಹಂತ್ಯಾಕ ನಿಂತಾನ. ನಾ ಇವನ ಮುಂದ ಹಾದು ಹೋದೆ ನೋಡ್ರಿ! ಯಾರೋ ಸಾಹೇಬ ನಿಂತಾನ ಅಂದ್ಕೊಂಡು ಹೋದೆ. ಹೆತ್ತಾಕಿ ನಾನು, ಗುರುತ ಸಿಗಲಿಲ್ಲ ನನಗ. ಮುಂದ ಹೋಗಿ ಕೂಲಿಯವನ ಕೂಡ ಜಗಳ ತಗದಿದ್ದೆ. ಹಿಂದಿಂದ 'ಅವ್ವಾ' ಅಂತ ಕೇಳಿಸ್ತು. ತಿರುಗಿದ್ರ ಆ ಸಾಹೇಬ!"

"ಜಗಳದ ದನಿ ಕೇಳಿ ಗುರುತ ಹಿಡದೆ" ಎಂದ ಶಿವಾನಂದ. ಅವರು ಅವನ ಬೆನ್ನಿಗೊಂದು ಗುದ್ದಿದರು.

ಹಾಗೆ ಗುದ್ದಿದ ಕೈಯೇ ಅಭ್ಯಾಸಬಲದಿಂದ ಮಗನ ಕಾಲರ್ ಸರಿಮಾಡಲು ಮೇಲೇರಿತು. ಸರಿಮಾಡಲು ಅಲ್ಲಿ ಏನೂ ಇರಲಿಲ್ಲ. ಕೈ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಸೆರಗಿಗೆ ಹೋಗಿ ಕಣ್ಣು ಒರೆಸಿತು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ಅಮ್ಮಾರ, ಅವನ್ನ ಕರಕೊಂಡು ಹೋಗ್ತೀರೇನ್ರಿ?"

ಶಿವಾನಂದನ ಮುಖ ಬಿಗಿಯಿತು. ಎರಡು ದಿನದಿಂದ ಅವನೂ ಅದನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ ಎಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು.

ತಾಯಿ ಮಗನ ಕೈ ಹಿಡಿದು ಕೌಂಟರಿನ ಮೇಲಿದ್ದ ಅಂಗಿಗಳ ಮೇಲೆ ಇಟ್ಟರು. "ಶಿವೂ, ನಿಮ್ಮಪ್ಪಗ ಒಂದು ಅಂಗಿ ಆರಸು. ನಾ ಬಾಯಿ ಹಾಕೂದಿಲ್ಲ, ನೀನ ಆರಸು. ಗದಗಿನ್ಯಾಗ ನಾ ಒಬ್ಬಾಕಿನ ಗಾಡಿ ಇಳದ್ರ ಮಗಾ ಎಲ್ಲಿ ಅಂತ ಕೇಳ್ತಾರವ್ರು. ಆಗ ನೀ ಆರಿಸಿದ ಅಂಗೀನ ಅವರ ಕೈಯಾಗ ಕೊಡ್ತೀನಿ."